ಓದುಗರ ಪ್ರಶ್ನೆ: ರಾತ್ರಿ ಚೆನ್ನಾಗಿದ್ದ ಪಂಚ್ ಬೆಳಗಾಗುವಷ್ಟರಲ್ಲಿ ಸೀಳಿದ್ದೇಕೆ?

ಪ್ರಶ್ನೆ: ಒಎಚ್‌ಎನ್‌ಎಸ್ ಉಕ್ಕಿನ (ಎಣ್ಣೆಯಲ್ಲಿ ತಣಿಸಿ ಗಡಸು ಮಾಡುವ ಟೂಲ್ ಸ್ಟೀಲ್) ಆರು ಪಂಚ್‌ಗಳನ್ನು (ತಗಡಿಗೆ ತೂತು ಹೊಡೆಯುವ ಸಾಧನ) ಸಂಜೆ ಹಾರ್ಡನಿಂಗ್ ಮಾಡಿ (ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ತಣಿಸಿ), ಟೆಂಪರಿಂಗ್ (ಪೆಡಸು ತಗ್ಗಿಸಲು ಮತ್ತೆ ಹದವಾಗಿ ಕಾಯಿಸುವುದು) ನಾಳೆ ಮಾಡೋಣವೆಂದು ಇಟ್ಟಿದ್ದೆವು. ಬೆಳಗ್ಗೆ ನೋಡಿದರೆ ಎರಡು ಸೀಳಿದ್ದವು. ಉಕ್ಕೇ ಕಳಪೆಯೇ?
– ಓದುಗರು, ಪೀಣ್ಯ 2ನೇ ಹಂತ

ಉತ್ತರ: ಉಕ್ಕಿನ ಮೇಲೆ ತಪ್ಪು ಹೊರಿಸುವ ಮೊದಲು ಆ ಒಂದು ರಾತ್ರಿಯ ಲೆಕ್ಕ ನೋಡಿ. ಎಣ್ಣೆಯಿಂದ ಆಗಷ್ಟೇ ತೆಗೆದ ಪಂಚ್ 63–64 ಎಚ್‌ಆರ್‌ಸಿ (ರಾಕ್‌ವೆಲ್ ಸಿ ಅಳತೆ) ಗಡಸಿರುತ್ತದೆ, ಗಾಜಿನಂತೆ ಪೆಡಸಾಗಿಯೂ ಇರುತ್ತದೆ. ಒಳಗೆ ಒತ್ತಡ ತುಂಬಿರುತ್ತದೆ. ಸಾಲದ್ದಕ್ಕೆ, ಬದಲಾಗದೆ ಉಳಿದ ಆಸ್ಟನೈಟ್‌ನಲ್ಲಿ (ಕಾದ ಉಕ್ಕಿನ ಒಳರಚನೆ) ಒಂದಷ್ಟು ಭಾಗ ಪಂಚ್ ತಣ್ಣಗಾಗುತ್ತಾ ಹೋದಂತೆ ಮಾರ್ಟೆನ್ಸೈಟ್ (ತಣಿದ ಉಕ್ಕಿನ ಗಡಸು ರಚನೆ) ಆಗಿ ಹಿಗ್ಗುತ್ತದೆ. ಆ ಒತ್ತಡ ಚೂಪು ಮೂಲೆಯಲ್ಲೋ ಅಂಚಿಗೆ ಹತ್ತಿರದ ತೂತಿನಲ್ಲೋ ದಾರಿ ಹುಡುಕುತ್ತದೆ.

ಆದ್ದರಿಂದ ಟೆಂಪರಿಂಗ್ ನಾಳೆಯ ಕೆಲಸವಲ್ಲ, ಅದೇ ಕೆಲಸದ ದ್ವಿತೀಯಾರ್ಧ. ಪಂಚನ್ನು 650 ಡಿಗ್ರಿಯಲ್ಲಿ ಮೊದಲು ಕಾಯಿಸಿಕೊಳ್ಳಿ, ನಂತರ 790–815 ಡಿಗ್ರಿಗೆ ಏರಿಸಿ. ಮೈಯೆಲ್ಲ ಕಾದ ಮೇಲೆ 25 ಮಿ.ಮೀ. ದಪ್ಪಕ್ಕೆ ಅರ್ಧ ಗಂಟೆಯಂತೆ ನಿಲ್ಲಿಸಿ, 50–60 ಡಿಗ್ರಿಯ ಎಣ್ಣೆಗೆ ಇಳಿಸಿ, ಆಡಿಸುತ್ತಿರಿ. ಡಿಸೆಂಬರ್‌ನ ಬೆಂಗಳೂರು ಚಳಿಯಲ್ಲಿ ಬೆಳಗ್ಗೆ ತೊಟ್ಟಿಯ ಎಣ್ಣೆ ಗಟ್ಟಿಯಾಗಿರುತ್ತದೆ. ಅದನ್ನು ಬಿಸಿ ಮಾಡದೆ ಮೊದಲ ಲಾಟ್ ಮುಳುಗಿಸಿದರೆ ಆವಿಯ ಪದರ ಬೇಗ ಒಡೆಯುವುದಿಲ್ಲ, ಅಲ್ಲಲ್ಲಿ ಮೆತ್ತನೆ ಕಲೆ ಉಳಿಯುತ್ತದೆ.

ಪಂಚ್ ಕೈಯಲ್ಲಿ ಹಿಡಿಯಲು ಬರುವಷ್ಟು ಬಿಸಿ, ಅಂದರೆ 50–65 ಡಿಗ್ರಿ ಇರುವಾಗಲೇ ಟೆಂಪರಿಂಗ್ ಫರ್ನೇಸ್‌ಗೆ ಹೋಗಬೇಕು. 200 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಸುಮಾರು 60 ಎಚ್‌ಆರ್‌ಸಿಗೆ ನಿಲ್ಲುತ್ತದೆ. ಫರ್ನೇಸ್ ಖಾಲಿಯಿಲ್ಲವೇ? ಕುದಿಯುವ ನೀರಿನಲ್ಲಾದರೂ ಹಾಕಿಡಿ. ಪೂರ್ತಿ ಟೆಂಪರಿಂಗ್ ಆಮೇಲೆ ಮಾಡಲೇಬೇಕು, ಆದರೆ ಪಂಚ್ ಉಳಿಯುತ್ತದೆ.

ಸೀಳಿದ ಎರಡನ್ನು ಗುಜರಿಗೆ ಹಾಕಬೇಡಿ. ಬಿರುಕಿನ ಜಾಗದಲ್ಲೇ ಮುರಿದು ಒಳಮೈ ನೋಡಿ. ಕಪ್ಪು ಪೊರೆ ಕಂಡರೆ ಬಿರುಕು ಕಾಯಿಸುವ ಮೊದಲೇ, ಬಾರ್‌ನಲ್ಲೇ ಇತ್ತು. ಆಗ ಉಕ್ಕು ಕೊಟ್ಟವರನ್ನು ಕೇಳಬಹುದು. ಎಣ್ಣೆ ಇಳಿದ ಕಲೆಯಿದ್ದರೆ ಎಣ್ಣೆಯಲ್ಲಿದ್ದಾಗಲೇ ಸೀಳಿದೆ. ಬೆಳ್ಳಿಯಂತೆ ಹೊಳೆಯುತ್ತಿದ್ದರೆ ತಣ್ಣಗಾದ ಮೇಲೆ, ನಿಮ್ಮ ರ‍್ಯಾಕ್ ಮೇಲೆ ಸೀಳಿದೆ. ಟೆಂಪರಿಂಗ್ ಆದ ಪಂಚ್‌ನಲ್ಲಿ ಬಿರುಕು ಕಂಡು, ಅದರ ಒಳಮೈ ತಿಳಿಹುಲ್ಲಿನ ಬಣ್ಣಕ್ಕಿದ್ದರೆ ಟೆಂಪರಿಂಗ್‌ಗೆ ಮುಂಚೆಯೇ ಬಿರುಕು ಬಿದ್ದಿತ್ತು ಎಂದರ್ಥ. ಮುಂದಿನ ಸಲ ಒಳಮೂಲೆಗಳಿಗೆ ರೇಡಿಯಸ್ ಕೊಡಿ (ದುಂಡಗೆ ಮಾಡಿ), ಬೋಲ್ಟ್ ತೂತುಗಳಿಗೆ ಫೈರ್ ಕ್ಲೇ (ಬಿಸಿ ತಾಳುವ ಜೇಡಿಮಣ್ಣು) ತುಂಬಿ.

ಪ್ರಶ್ನೆ: 20 ಎಂಎನ್‌ಸಿಆರ್5 (ಮೈಗೆ ಕಾರ್ಬನ್ ಸೇರಿಸಿ ಗಡಸು ಮಾಡುವ ಉಕ್ಕು) ಗೇರ್‌ಗೆ ಡ್ರಾಯಿಂಗ್‌ನಲ್ಲಿ ಕೇಸ್ ಡೆಪ್ತ್ (ಗಡಸು ಮೇಲ್ಪದರದ ಆಳ) 0.8–1.0 ಮಿ.ಮೀ. ಇದೆ. ಹೀಟ್ ಟ್ರೀಟ್‌ಮೆಂಟ್ ರಿಪೋರ್ಟ್‌ನಲ್ಲಿ 0.85 ಬಂದಿದೆ. ಆದರೂ ಗಿರಾಕಿ ಮಾಲು ವಾಪಸ್ ಕಳಿಸಿದ್ದಾರೆ.
– ಓದುಗರು, ಬೊಮ್ಮಸಂದ್ರ

ಉತ್ತರ: ಗ್ರೈಂಡಿಂಗ್‌ನಲ್ಲಿ ಒಂದು ಬದಿಗೆ 0.15 ತೆಗೆದರೆ ಹಲ್ಲಿನ ಮೇಲೆ ಉಳಿಯುವುದು 0.70 ಮಾತ್ರ. ಡ್ರಾಯಿಂಗ್ ಹೇಳುವುದು ಮುಗಿದ ಗೇರ್‌ನ ಆಳ. ಹಾಗಾಗಿ ಜಾಬ್‌ವರ್ಕ್‌ನವರಿಗೆ ಕೊಡುವ ಚಲನ್‌ನಲ್ಲಿ ‘ಗ್ರೈಂಡಿಂಗ್‌ಗೆ ಮುಂಚೆ 0.95–1.15’ ಎಂದು ಬರೆಯಿರಿ. ‘ಡ್ರಾಯಿಂಗ್ ಪ್ರಕಾರ’ ಎಂದಷ್ಟೇ ಬರೆದರೆ ಈ ಜಗಳ ತಪ್ಪದು.

ಕಾರ್ಬನ್ ಇಳಿಯುವ ಆಳ ಸಮಯದ ವರ್ಗಮೂಲದಂತೆ ಬೆಳೆಯುತ್ತದೆ. 925 ಡಿಗ್ರಿಯಲ್ಲಿ ನಾಲ್ಕು ಗಂಟೆಗೆ ಒಟ್ಟು ಆಳ ಸುಮಾರು 1.25 ಮಿ.ಮೀ. ಅದನ್ನು ಇಮ್ಮಡಿ ಮಾಡಲು ಎಂಟಲ್ಲ, ಹದಿನಾರು ಗಂಟೆ ಬೇಕು. ಆದರೆ ರಿಪೋರ್ಟ್‌ನಲ್ಲಿ ಲೆಕ್ಕಕ್ಕೆ ಬರುವುದು ಎಫೆಕ್ಟಿವ್ ಡೆಪ್ತ್. ತುಂಡನ್ನು ಕತ್ತರಿಸಿ, ಪಾಲಿಶ್ ಮಾಡಿ, 1 ಕೆ.ಜಿ. ಭಾರದಲ್ಲಿ ವಿಕರ್ಸ್ ಗಡಸು 550ಕ್ಕೆ ಇಳಿಯುವ ಜಾಗದವರೆಗೆ ಅಳೆಯುತ್ತಾರೆ. ಇದು ಒಟ್ಟು ಆಳಕ್ಕಿಂತ ಕಡಿಮೆಯೇ ಇರುತ್ತದೆ. ನಿಮ್ಮ ರಿಪೋರ್ಟ್‌ನ 0.85 ಯಾವುದು ಎಂದು ಕೇಳಿ. ಟೆಸ್ಟ್ ತುಂಡು ಗೇರಿನದೇ ಉಕ್ಕಾಗಿತ್ತೇ ಎಂಬುದನ್ನೂ ಕೇಳಿ. ಕೈಗೆ ಸಿಕ್ಕಿದ ಮೈಲ್ಡ್ ಸ್ಟೀಲ್ ತುಂಡು ಹಾಕಿದ್ದರೆ ಆ ಅಂಕಿಯನ್ನು ನಂಬಬೇಡಿ. ಕೇಸ್ ತೆಳುವಾಗಿದ್ದಾಗ ರಾಕ್‌ವೆಲ್ ಸಿ ಯಂತ್ರದ 150 ಕೆ.ಜಿ. ಭಾರ ಒಳಗಿನ ಮೆತ್ತನೆ ತಿರುಳನ್ನೂ ಮುಟ್ಟಿ ಗಡಸು ಕಡಿಮೆ ತೋರಿಸುತ್ತದೆ, ಅದೂ ನೆನಪಿರಲಿ.

ಪ್ರಶ್ನೆ: ಇಎನ್8ರ 25 ಮಿ.ಮೀ. ಶಾಫ್ಟ್‌ಗೆ 50 ಎಚ್‌ಆರ್‌ಸಿ ಬರುತ್ತದೆ, 80 ಮಿ.ಮೀ.ಗೆ ಏಕೆ ಬರುತ್ತಿಲ್ಲ?
– ಓದುಗರು, ರಾಜಾಜಿನಗರ

ಉತ್ತರ: ಇಎನ್8 ಸಾದಾ ಕಾರ್ಬನ್ ಉಕ್ಕು. ದಪ್ಪ ಹೆಚ್ಚಾದಂತೆ ತಣಿಯುವ ವೇಗ ಕುಗ್ಗುತ್ತದೆ, ಗಡಸು ಕಟ್ಟುವುದಿಲ್ಲ. ಇನ್ನಷ್ಟು ಬಿಸಿ ಮಾಡಿ ನೀರಿಗೆ ಹಾಕಿದರೆ ಕೀವೇ (ಶಾಫ್ಟ್‌ನಲ್ಲಿ ಕೀ ಕೂರುವ ತೋಡು) ಮೂಲೆ ಸೀಳುತ್ತದೆ. ತಿರುಳಿನವರೆಗೂ ಬಲ ಬೇಕಿದ್ದರೆ ಇಎನ್24 ಮಿಶ್ರಲೋಹದ ಉಕ್ಕು ತನ್ನಿ. ಸವೆತ ತಡೆದರೆ ಸಾಕು ಎನ್ನುವುದಾದರೆ ಇದೇ ಶಾಫ್ಟ್‌ಗೆ ಇಂಡಕ್ಷನ್ ಹಾರ್ಡನಿಂಗ್ (ವಿದ್ಯುತ್ ಕಾಯಿಲ್‌ನಿಂದ ಮೇಲ್ಮೈಯನ್ನಷ್ಟೇ ಕಾಯಿಸಿ ತಣಿಸುವುದು) ಮಾಡಿಸಿ, 2–3 ಮಿ.ಮೀ. ಆಳಕ್ಕೆ 50–55 ಸಿಗುತ್ತದೆ. ಆಗ ಕೀವೇಗೂ ಎಣ್ಣೆ ತೂತಿಗೂ ತಾಮ್ರದ ತುಂಡು ಬಡಿದು ಕೂರಿಸಲು ಹೇಳಿ. ಇಲ್ಲದಿದ್ದರೆ ಅಂಚುಗಳು ಮಿಕ್ಕ ಮೈಗಿಂತ ಮೊದಲೇ ಕಾದು ಅಲ್ಲಿಂದಲೇ ಬಿರುಕು ಶುರುವಾಗುತ್ತದೆ.