ಕನ್ನಡದ ಒಂದು ‘ಇಂದ’, ಇಂಗ್ಲಿಷಿನ ಎರಡು ಪದ

ಪ್ರಶ್ನೆ: ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್’ ಎನ್ನುವುದು ತಪ್ಪಂತೆ. ಯಾಕೆ?

ಉತ್ತರ: ಇದರಲ್ಲಿ ಎರಡು ತಪ್ಪುಗಳಿವೆ, ಎರಡೂ ಕನ್ನಡದ ಅಭ್ಯಾಸದಿಂದ ಬಂದವು. ‘ಸೋಮವಾರದಿಂದ ಜ್ವರ’ ಎನ್ನುತ್ತೇವೆ, ‘ಮೂರು ದಿನದಿಂದ ಜ್ವರ’ ಎಂದೂ ಎನ್ನುತ್ತೇವೆ. ಮೊದಲನೆಯದು ಜ್ವರ ಶುರುವಾದ ದಿನ, ಎರಡನೆಯದು ಅದು ಕಾಡಿದ ಅವಧಿ. ಕನ್ನಡಕ್ಕೆ ಎರಡು ಕಡೆಯೂ ‘ಇಂದ’ ಸಾಕು. ಇಂಗ್ಲಿಷಿನಲ್ಲಿ ಶುರುವಾದ ಹೊತ್ತಿಗೆ ‘ಸಿನ್ಸ್’, ಅವಧಿಯ ಅಳತೆಗೆ ‘ಫಾರ್’: ಸಿನ್ಸ್ ಮಂಡೇ, ಸಿನ್ಸ್ 2019, ಫಾರ್ ತ್ರೀ ಡೇಸ್, ಫಾರ್ ಎ ಲಾಂಗ್ ಟೈಮ್. ಅನುಮಾನ ಬಂದಾಗ ಕನ್ನಡದಲ್ಲೇ ಕೇಳಿಕೊಳ್ಳಿ. ಅದು ‘ಯಾವಾಗಿನಿಂದ?’ ಎಂಬುದಕ್ಕೆ ಉತ್ತರವಾದರೆ ಸಿನ್ಸ್, ‘ಎಷ್ಟು ದಿನದಿಂದ?’ ಎಂಬುದಕ್ಕಾದರೆ ಫಾರ್.

ಇನ್ನು ಕ್ರಿಯಾಪದ. ‘ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಎನ್ನುವಾಗ ನಾವು ವರ್ತಮಾನದಲ್ಲೇ ಇರುತ್ತೇವೆ, ಅದಕ್ಕೇ ‘ಆ್ಯಮ್ ವರ್ಕಿಂಗ್’ ಬಾಯಿಗೆ ಬರುತ್ತದೆ. ಹಿಂದೆ ಶುರುವಾಗಿ ಇವತ್ತಿಗೂ ನಡೆಯುತ್ತಿರುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ಹ್ಯಾವ್ ಬೀನ್’ ಬೇಕು: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್.’ ‘ನೋ’, ಅಂದರೆ ತಿಳಿದಿರುವುದು, ಇಂಥ ಸ್ಥಿತಿಸೂಚಕ ಪದಗಳಿಗೆ ‘ಇಂಗ್’ ಸೇರುವುದಿಲ್ಲ: ‘ಐ ಹ್ಯಾವ್ ನೋನ್ ಹರ್ ಫಾರ್ ಟೆನ್ ಇಯರ್ಸ್.’ ಕೆಲಸ ಬಿಟ್ಟಾಗಿದ್ದರೆ ‘ಹ್ಯಾವ್’ ಬೇಡವೇ ಬೇಡ: ‘ಐ ವರ್ಕ್ಡ್ ದೇರ್ ಫಾರ್ ಟೂ ಇಯರ್ಸ್.’ ಸಂದರ್ಶನದಲ್ಲಿ ಈ ವ್ಯತ್ಯಾಸ ತುಂಬ ಮುಖ್ಯ. ನೀವು ಈಗಲೂ ಆ ಕೆಲಸದಲ್ಲಿದ್ದೀರೋ ಇಲ್ಲವೋ ಎಂಬುದೇ ಇದರಿಂದ ಗೊತ್ತಾಗುತ್ತದೆ.

ಪ್ರಶ್ನೆ: ‘ನಿನ್ನೆ ಆ ಸಿನಿಮಾ ನೋಡಿದ್ದೇನೆ’ ಎನ್ನಲು ‘ಐ ಹ್ಯಾವ್ ಸೀನ್ ಇಟ್ ಯೆಸ್ಟರ್‌ಡೇ’ ಸರಿಯೇ?

ಉತ್ತರ: ಸರಿಯಲ್ಲ. ‘ನೋಡಿದ್ದೇನೆ’ ಕನ್ನಡದಲ್ಲಿ ‘ನಿನ್ನೆ’ಯ ಜೊತೆ ಆರಾಮವಾಗಿ ಕೂರುತ್ತದೆ, ‘ಹ್ಯಾವ್ ಸೀನ್’ ಕೂರುವುದಿಲ್ಲ. ಯೆಸ್ಟರ್‌ಡೇ, ಲಾಸ್ಟ್ ವೀಕ್, ಟೂ ಡೇಸ್ ಅಗೋ, ಹೀಗೆ ಮುಗಿದುಹೋದ ಸಮಯ ಹೇಳಿದರೆ ‘ಐ ಸಾ ಇಟ್’ ಎನ್ನಿ. ಯಾವಾಗ ಎಂದು ಹೇಳದಿದ್ದರೆ ‘ಐ ಹ್ಯಾವ್ ಸೀನ್ ಇಟ್’ ಸರಿ.

ಪ್ರಶ್ನೆ: ಮಗಳು ‘ಆ್ಯನ್ ಎಗ್’ ಬದಲು ‘ಎ ಎಗ್’ ಎಂದು ಬರೆಯುತ್ತಾಳೆ. ‘ಎ, ಇ, ಐ, ಓ, ಯು’ ಬಾಯಿಪಾಠ ಮಾಡಿಸಿದರೂ ಪ್ರಯೋಜನವಿಲ್ಲ.

ಉತ್ತರ: ಆಕೆಯ ಕಿವಿ ಚುರುಕಾಗಿದೆ! ಪದದ ಮೊದಲಿನ ಎಕಾರವನ್ನು ಕನ್ನಡದ ಮಾತಿನಲ್ಲಿ ‘ಯೆ’ ಎನ್ನುತ್ತೇವೆ: ಎಲ್ಲ, ಯೆಲ್ಲ. ಮನೆಯಲ್ಲಿ ‘ಯೆಗ್’ ಎಂದು ಕೇಳಿದ ಮಗುವಿಗೆ ಮೊದಲು ವ್ಯಂಜನವೇ ಕೇಳಿಸುತ್ತದೆ. ಬಾಯಿಪಾಠ ಬಿಟ್ಟು ಉಚ್ಚಾರಣೆ ತಿದ್ದಿ. ಯಕಾರವಿಲ್ಲದ ‘ಎಗ್’ ಬಂದರೆ ‘ಆ್ಯನ್’ ತಾನಾಗಿ ಬರುತ್ತದೆ. ನಿಯಮ ಇರುವುದು ಅಕ್ಷರಕ್ಕಲ್ಲ, ಧ್ವನಿಗೆ: ಪದ ಸ್ವರದ ಧ್ವನಿಯಿಂದ ಶುರುವಾದರೆ ‘ಆ್ಯನ್’, ವ್ಯಂಜನದ ಧ್ವನಿಯಿಂದಾದರೆ ‘ಎ’. ಅದಕ್ಕೇ ‘ಎ ಯೂನಿವರ್ಸಿಟಿ’, ‘ಎ ವನ್-ರುಪೀ ಕಾಯಿನ್’. ಆದರೆ ‘ಆ್ಯನ್ ಅವರ್’, ‘ಆ್ಯನ್ ಎಂಎಲ್ಎ’.