ಮರುಕಳಿಸಿದ ನ್ಯೂರೋಬ್ಲಾಸ್ಟೋಮಾಕ್ಕೆ ಇಮ್ಯುನೊಥೆರಪಿ ಜೊತೆ ಕೀಮೋ ಯಾಕೆ?

ನಿಮ್ಮ ಅಕ್ಕನ ಮಗನಿಗೆ ನ್ಯೂರೋಬ್ಲಾಸ್ಟೋಮಾ (ಬೆಳೆಯುತ್ತಿರುವ ನರಕೋಶಗಳಲ್ಲಿ ಹುಟ್ಟುವ, ಚಿಕ್ಕ ಮಕ್ಕಳ ಕ್ಯಾನ್ಸರ್) ಮರುಕಳಿಸಿದೆ, ಇಮ್ಯುನೊಥೆರಪಿ ಕೊಡುವಾಗ ಮತ್ತೆ ಕೀಮೋ ಯಾಕೆ, ಎರಡೂ ಸೇರಿದರೆ ಮೇಲು ಅಂತ ಹೇಗೆ ಗೊತ್ತಾಯಿತು ಎಂದು ಕೇಳಿದ್ದೀರಿ.

ಅಮೆರಿಕದ ಚಿಲ್ಡ್ರನ್ಸ್ ಆಂಕಾಲಜಿ ಗ್ರೂಪ್‌ನ ಎಎನ್‌ಬಿಎಲ್1221 ಪರೀಕ್ಷೆಯಲ್ಲಿ ಎಲ್ಲ ಮಕ್ಕಳಿಗೂ ಐರಿನೋಟೆಕಾನ್, ಟೆಮೊಜೊಲೊಮೈಡ್ ಎಂಬ ಕೀಮೋ ಔಷಧಿಗಳನ್ನು ಕೊಟ್ಟರು. ಅದರ ಜೊತೆಗೆ, ಚೀಟಿ ಎತ್ತಿದ ಹಾಗೆ, ಕೆಲವರಿಗೆ ಕೋಶಗಳ ಬೆಳವಣಿಗೆ ತಡೆಯುವ ಟೆಮ್ಸಿರೋಲಿಮಸ್, ಉಳಿದವರಿಗೆ ಇಮ್ಯುನೊಥೆರಪಿ, ಅಂದರೆ ಡೈನುಟುಕ್ಸಿಮ್ಯಾಬ್ ಎಂಬ ಆಂಟಿಬಾಡಿ ಮತ್ತು ಬಿಳಿ ರಕ್ತಕಣಗಳನ್ನು ಹೆಚ್ಚಿಸುವ ಜಿಎಂ-ಸಿಎಸ್‌ಎಫ್. ಮೊದಲ ಗುಂಪಿನ 18 ಮಕ್ಕಳಲ್ಲಿ ಒಬ್ಬರಿಗೆ, ಎರಡನೆಯ ಗುಂಪಿನ 17ರಲ್ಲಿ 9 ಮಕ್ಕಳಿಗೆ ಕಾಯಿಲೆ ತಗ್ಗಿತು. ಇದು 2017ರಲ್ಲಿ ಪ್ರಕಟವಾಯಿತು. ತಗ್ಗುವುದು ಬೇರೆ, ವಾಸಿಯಾಗುವುದು ಬೇರೆ ಅನ್ನುವುದನ್ನು ದಯವಿಟ್ಟು ಮನಸ್ಸಿನಲ್ಲಿಡಿ.

ದೊಡ್ಡವರ ಕ್ಯಾನ್ಸರ್‌ಗಳಲ್ಲಿ ಹೆಸರಾದ, ಟಿ ಕೋಶ ಎಂಬ ರಕ್ಷಣಾ ಕೋಶಗಳ ತಡೆ ತೆಗೆಯುವ ನಿವೊಲುಮ್ಯಾಬ್ ಇಲ್ಲಿ ಒಂಟಿಯಾಗಿ ಅಷ್ಟಾಗಿ ನಡೆಯುವುದಿಲ್ಲ. ಈ ಗಡ್ಡೆಯಲ್ಲಿ ಜೀನ್ ಬದಲಾವಣೆಗಳು ಕಡಿಮೆ, ಕೋಶದ ಮೇಲೆ ಗುರುತು ತೋರಿಸುವ ಎಂಎಚ್‌ಸಿ-1 ಎಂಬ ಪ್ರೋಟೀನ್ ಕೂಡ ಕಡಿಮೆ; ಟಿ ಕೋಶಗಳಿಗೆ ಅದರ ಗುರುತೇ ಸಿಗದು. ಆದರೆ ಜಿಡಿ2 ಎಂಬ ಅಂಶ ಧಾರಾಳವಾಗಿದೆ. ಡೈನುಟುಕ್ಸಿಮ್ಯಾಬ್ ಅದಕ್ಕೇ ಅಂಟಿಕೊಂಡು ಎನ್‌ಕೆ ಕೋಶ, ನ್ಯೂಟ್ರೋಫಿಲ್ ಎಂಬ ಬೇರೆ ರಕ್ಷಣಾ ಕೋಶಗಳನ್ನು ಕರೆಸುತ್ತದೆ.

ಒಂದು ಸುತ್ತು 21 ದಿನದ್ದು. 1ರಿಂದ 5ನೇ ದಿನ ಕೀಮೋ: ದೇಹದ ಮೇಲ್ಮೈಯ ಪ್ರತಿ ಚದರ ಮೀಟರ್‌ಗೆ ದಿನಕ್ಕೆ ಐರಿನೋಟೆಕಾನ್ 50 ಮಿ.ಗ್ರಾಂ, ಟೆಮೊಜೊಲೊಮೈಡ್ 100 ಮಿ.ಗ್ರಾಂ. 2ರಿಂದ 5ನೇ ದಿನ ಡೈನುಟುಕ್ಸಿಮ್ಯಾಬ್, ಇದೂ ಪ್ರತಿ ಚದರ ಮೀಟರ್‌ಗೆ ದಿನಕ್ಕೆ 17.5 ಮಿ.ಗ್ರಾಂ, ದಿನಾ 10ರಿಂದ 20 ಗಂಟೆ ಡ್ರಿಪ್‌ನಲ್ಲಿ. 6ರಿಂದ 12ನೇ ದಿನ ಜಿಎಂ-ಸಿಎಸ್‌ಎಫ್, ಅದೇ ಲೆಕ್ಕದಲ್ಲಿ 250 ಮೈಕ್ರೋಗ್ರಾಂ.

ಕಷ್ಟದ ಭಾಗ ನೋವು. ನೋವಿನ ನರಗಳ ಮೇಲೂ ಜಿಡಿ2 ಇರುವುದರಿಂದ ಔಷಧಿ ಅಲ್ಲಿಗೂ ಅಂಟುತ್ತದೆ. ಹೊಟ್ಟೆ, ಬೆನ್ನು, ಕೈಕಾಲು ನೋಯುತ್ತವೆ. ಆದ್ದರಿಂದ ಡ್ರಿಪ್ ಹಾಕುವ ಮೊದಲೇ ಮಾರ್ಫಿನ್ ಶುರುಮಾಡಬೇಕು, ನೋವು ಬಂದಮೇಲೆ ಅಲ್ಲ. ನರದ ನೋವಿನ ಔಷಧಿ ಗ್ಯಾಬಾಪೆಂಟಿನ್ ಇನ್ನೂ ಕೆಲವು ದಿನ ಮುಂಚೆಯೇ. ಬಿಪಿ ಇಳಿದರೆ, ಮೈ ಊದಿದರೆ, ಆಕ್ಸಿಜನ್ ಕಡಿಮೆಯಾದರೆ ಡ್ರಿಪ್ ನಿಧಾನಿಸುತ್ತಾರೆ ಅಥವಾ ನಿಲ್ಲಿಸುತ್ತಾರೆ. ಐರಿನೋಟೆಕಾನ್‌ನಿಂದ ಆಗುವ ಭೇದಿ ತಡೆಯಲು ಸೆಫಿಕ್ಸಿಮ್ ಎಂಬ ಆಂಟಿಬಯೋಟಿಕ್ ಕೊಡುವುದುಂಟು. ಇನ್ನೊಂದು ಮಾತು: ಸ್ಟೀರಾಯ್ಡ್ ಈ ಚಿಕಿತ್ಸೆಯ ಬಲವನ್ನೇ ಕುಗ್ಗಿಸಬಹುದು. ಊರಿನ ಡಾಕ್ಟರ್ ಬಳಿ ಜ್ವರ, ಕೆಮ್ಮಿಗೆ ಹೋದರೂ ಇದನ್ನು ಮೊದಲೇ ಹೇಳಿ. ಪ್ರಾಣಾಪಾಯದ ಅಲರ್ಜಿಯಾದರೆ ಮಾತ್ರ ಬೇರೆ ಮಾತು, ಆಗ ಕೊಡಲೇಬೇಕು.

ಸೇರಿಸಿದ್ದೆಲ್ಲ ಲಾಭ ಕೊಡುವುದಿಲ್ಲ. ಯುರೋಪಿನಲ್ಲಿ ಮೊದಲ ಹಂತದ ಚಿಕಿತ್ಸೆ ಮುಗಿಸಿದ 406 ಮಕ್ಕಳಿಗೆ ಡೈನುಟುಕ್ಸಿಮ್ಯಾಬ್ ಬೀಟಾ (ಅದೇ ಬಗೆಯ ಇನ್ನೊಂದು ಔಷಧಿ) ಕೊಟ್ಟು, ಅರ್ಧದಷ್ಟು ಮಕ್ಕಳಿಗೆ ರಕ್ಷಣಾ ಕೋಶಗಳನ್ನು ಹುರಿದುಂಬಿಸುವ ಐಎಲ್-2 ಕೂಡ ಸೇರಿಸಿದರು. ಮೂರು ವರ್ಷಕ್ಕೆ ಕಾಯಿಲೆ ಮರಳದೆ ಉಳಿದವರು ಐಎಲ್-2 ಇಲ್ಲದೆ ಶೇ. 56, ಇದ್ದರೆ ಶೇ. 60. ಆ ಅಂತರ ಆಕಸ್ಮಿಕವೂ ಇರಬಹುದಾದಷ್ಟು ಸಣ್ಣದು. ಅಡ್ಡಪರಿಣಾಮ ಮಾತ್ರ ಸ್ಪಷ್ಟವಾಗಿ ಜಾಸ್ತಿ. ಹಾಗಾಗಿ ಯಾರಾದರೂ ಮೂರನೇ, ನಾಲ್ಕನೇ ಔಷಧಿ ಸೇರಿಸೋಣ ಅಂದರೆ, ಅದೊಂದನ್ನು ಬಿಟ್ಟು ಹೋಲಿಸಿದ್ದಾರಾ ಎಂದು ಕೇಳಿ.

ಫಲ ಅಳೆಯಲು ಸಿಟಿ ಸ್ಕ್ಯಾನ್ ಒಂದೇ ಸಾಲದು. ಈ ಗಡ್ಡೆ ಹೀರಿಕೊಳ್ಳುವ ವಿಕಿರಣ ಔಷಧಿ ಕೊಟ್ಟು ತೆಗೆಯುವ ಎಂಐಬಿಜಿ ಸ್ಕ್ಯಾನ್‌ನಲ್ಲಿ ಕಾಯಿಲೆ ಎಷ್ಟು ಹರಡಿದೆ ಎಂದು ಹೇಳುವ ಕ್ಯೂರಿ ಸ್ಕೋರ್ 0ಯಿಂದ 30ರವರೆಗೆ ಇರುತ್ತದೆ. ಚಿಕಿತ್ಸೆಗೆ ಮುಂಚಿನ ಸ್ಕೋರ್ ಬರೆದಿಟ್ಟುಕೊಂಡು ಪ್ರತಿ ಸಲ ಹೋಲಿಸಿ. ಪರೀಕ್ಷೆಗೆ ಮೂಳೆ ಮಜ್ಜೆಯನ್ನು ಸೊಂಟದ ಎರಡೂ ಕಡೆಯಿಂದ ತೆಗೆಯಬೇಕು, ಏಕೆಂದರೆ ಒಂದು ಕಡೆ ಏನೂ ಕಾಣದಿದ್ದರೂ ಇನ್ನೊಂದು ಕಡೆ ಕಾಯಿಲೆ ಇರಬಹುದು.