ಪ್ರತಿಕ್ರಿಯೆ: ಎಲ್‌ಜಿಬಿಟಿ ಸಹಪಾಠಿಗಳ ಪರ ಭಾಷಣಕ್ಕೆ ಅನುಮತಿ ಸಿಗದಿದ್ದರೆ

ಎಲ್‌ಜಿಬಿಟಿ (ಲೈಂಗಿಕ ಅಲ್ಪಸಂಖ್ಯಾತ) ಸಹಪಾಠಿಗಳ ಪರ ಕಾಲೇಜಿನಲ್ಲಿ ಭಾಷಣ ಮಾಡಲು ಅನುಮತಿ ಕೇಳಿದರೆ ಪ್ರಾಂಶುಪಾಲರು ಅದು "ಕಾನೂನುಬಾಹಿರ" ಅಂದರು ಅಂತ ಬರೆದಿದ್ದೀರಿ. ಅವರ ತಲೆಯಲ್ಲಿ ಬಹುಶಃ ಇನ್ನೂ ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ದಂಡ ಸಂಹಿತೆಯ ಹಳೆಯ 377ನೇ ಸೆಕ್ಷನ್ ಇದೆ. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಹೇಳಿಯಾಗಿದೆ.

ಮೊದಲು ಆ ತೀರ್ಪಿನ ಜೊತೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2016ರ ರ‍್ಯಾಗಿಂಗ್ ತಡೆ ನಿಯಮದ ತಿದ್ದುಪಡಿಯನ್ನೂ ಪ್ರಿಂಟ್ ತೆಗೆಸಿ. ಲೈಂಗಿಕ ಒಲವಿನ ಕಾರಣಕ್ಕೆ ವಿದ್ಯಾರ್ಥಿಯನ್ನು ಪೀಡಿಸುವುದು, ಗುಂಪಿನಿಂದ ದೂರ ಇಡುವುದೂ ರ‍್ಯಾಗಿಂಗೇ ಅಂತ ಅದರಲ್ಲಿದೆ. ನನ್ನ ಪ್ರಕಾರ ನಿಮ್ಮ ಗಟ್ಟಿ ಆಧಾರ ಇದೇ, ಯಾಕೆಂದರೆ ಅದನ್ನು ತಡೆಯುವ ಹೊಣೆ ಕಾಲೇಜಿನದು. ಆಮೇಲೆ ರ‍್ಯಾಗಿಂಗ್ ತಡೆ ಸಮಿತಿಯ ಉಪನ್ಯಾಸಕರೊಬ್ಬರನ್ನು ಒಪ್ಪಿಸಿ, ಸಮಿತಿಯ ಜಾಗೃತಿ ಕಾರ್ಯಕ್ರಮ ಅಂತಲೇ ಅರ್ಜಿ ಕೊಡಿ. ನಕಲಿನ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ.

ಒಪ್ಪೇ ಒಪ್ಪುತ್ತಾರೆ ಅನ್ನಲಾರೆ. ಒಪ್ಪದಿದ್ದರೆ ಕಾರಣವನ್ನು ಬರಹದಲ್ಲಿ ಕೇಳಿ. ಗೆಳೆಯರ ಒಪ್ಪಿಗೆಯಿಲ್ಲದೆ ಅವರ ಹೆಸರನ್ನು ಅರ್ಜಿಯಲ್ಲಾಗಲಿ ವೇದಿಕೆಯಲ್ಲಾಗಲಿ ದಯವಿಟ್ಟು ಎತ್ತಬೇಡಿ.